ಕಾಂಡೋಮ್, ಲಸಿಕೆ, ಮಾತ್ರೆ, ಟೆಸ್ಟ್: ಲೈಂಗಿಕ ಸೋಂಕು ತಡೆಯಲು ಯಾರಿಗೆ ಯಾವುದು?

ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತ ನನ್ನಂಥವರಿಗೆ ಒಂದು ವಿಷಯ ಬೇಗ ಅರ್ಥವಾಗುತ್ತದೆ. ಸೋಮವಾರ ಬೆಳಿಗ್ಗೆ ಐಪಿಲ್ ಕೇಳಿಕೊಂಡು ಬರುವವರು ಜಾಸ್ತಿ, ಶನಿವಾರ ಸಂಜೆ ಕಾಂಡೋಮ್ ಕೇಳುವವರು ಕಡಿಮೆ. ಬಸಿರಾದರೆ ಏನಪ್ಪಾ ಗತಿ ಎಂಬ ಭಯ ಎಲ್ಲರಿಗೂ ಇದೆ. ಸೋಂಕು ತಗುಲಿದರೆ ಎಂಬ ಯೋಚನೆ ಬರುವುದು ಉರಿಮೂತ್ರ ಶುರುವಾದ ಮೇಲೆ.

ಇದರಲ್ಲಿ ಜನರದೇ ತಪ್ಪು ಅನ್ನುವ ಹಾಗಿಲ್ಲ. ನಮ್ಮಲ್ಲಿ ಕಾಂಡೋಮ್ ಮನೆಮಾತಾದದ್ದೇ ಕುಟುಂಬ ಯೋಜನೆಯ ಹೆಸರಲ್ಲಿ. 1968ರಲ್ಲಿ ಸರ್ಕಾರ ನಿರೋಧ್ ಎಂಬ ಕಾಂಡೋಮ್ ಮಾರಾಟಕ್ಕೆ ತಂದಿತು. ಮೂರಕ್ಕೆ 15 ಪೈಸೆ. ಟೀ ಪುಡಿ, ಸೋಪು, ಸಿಗರೇಟು ಮಾರುವ ದೊಡ್ಡ ಕಂಪನಿಗಳ ಲಾರಿಗಳಲ್ಲೇ ಹಾಕಿ ಊರೂರ ಅಂಗಡಿಗೆ ಮುಟ್ಟಿಸಿದರು. ಆಗ ಮಾತೆಲ್ಲ ಎಷ್ಟು ಮಕ್ಕಳು ಸಾಕು ಎನ್ನುವುದರದ್ದು. ಚೆನ್ನೈನಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದದ್ದು 1986ರಲ್ಲಿ. ಅಷ್ಟು ಹೊತ್ತಿಗೆ ನಿರೋಧ್ ಇರುವುದು ಮಕ್ಕಳಾಗದಿರಲು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ಈಗಲೂ ಹಾಗೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ವಿವಾಹಿತ ಹೆಣ್ಣುಮಕ್ಕಳಲ್ಲಿ ಶೇ 37.9 ಮಂದಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡವರು. ಕಾಂಡೋಮ್ ಬಳಸುವ ಜೋಡಿಗಳು ಶೇ 9.5 ಮಾತ್ರ. ಕರ್ನಾಟಕದಲ್ಲಂತೂ ಆಪರೇಷನ್ ಆದವರೇ ಅರ್ಧಕ್ಕಿಂತ ಜಾಸ್ತಿ. ಆಪರೇಷನ್ ಆದ ಮನೆಗೆ ಆಮೇಲೆ ಕಾಂಡೋಮ್ ಯಾಕೆ ಬರಬೇಕು ಹೇಳಿ? ಆದರೆ ಆಪರೇಷನ್ ಕಟ್ಟುವುದು ಗರ್ಭನಾಳವನ್ನು. ಸಿಫಿಲಿಸ್‌ನಂಥ ಲೈಂಗಿಕ ಸೋಂಕಿಗೆ ಅದರಿಂದ ಏನೂ ಅಡ್ಡಿಯಿಲ್ಲ. ಕಾಪರ್ ಟಿ, ಮಾಲಾ ಡಿ, ಮೂರು ತಿಂಗಳ ಇಂಜೆಕ್ಷನ್, ಐಪಿಲ್ ಎಲ್ಲದರದ್ದೂ ಇದೇ ಕತೆ. ಬಸಿರು ತಡೆಯುವುದು ಒಂದು ಲೆಕ್ಕ, ಸೋಂಕು ತಡೆಯುವುದು ಬೇರೆ ಲೆಕ್ಕ. ಇಲ್ಲಿ ಹೇಳುವುದು ಎರಡನೆಯದು. ಎರಡೂ ಲೆಕ್ಕಕ್ಕೆ ಒಟ್ಟಿಗೆ ಬರುವ ವಸ್ತು ಕಾಂಡೋಮ್ ಒಂದೇ.

ಸೋಂಕು ಹೇಗೆ ದಾಟುತ್ತದೆ

ಇದು ಗೊತ್ತಿಲ್ಲದಿದ್ದರೆ ಆಯ್ಕೆ ಮಾಡುವುದು ಕಷ್ಟ. ಎಚ್‌ಐವಿ, ಗೊನೋರಿಯಾ, ಕ್ಲಮಿಡಿಯಾ, ಹೆಪಟೈಟಿಸ್ ಬಿ ಇವೆಲ್ಲ ಮುಖ್ಯವಾಗಿ ವೀರ್ಯ, ಯೋನಿಯ ದ್ರವ, ರಕ್ತದ ಮೂಲಕ ದಾಟುತ್ತವೆ. ಹರ್ಪಿಸ್, ಎಚ್‌ಪಿವಿ, ಸಿಫಿಲಿಸ್ ಹಾಗಲ್ಲ. ಚರ್ಮಕ್ಕೆ ಚರ್ಮ ತಾಗಿದರೂ ಸಾಕು, ಹುಣ್ಣು ಕಣ್ಣಿಗೆ ಕಾಣಬೇಕೆಂದೂ ಇಲ್ಲ. ಮೊದಲ ಗುಂಪಿಗೆ ಕಾಂಡೋಮ್ ಗಟ್ಟಿ ತಡೆ. ಎರಡನೆಯದಕ್ಕೆ ಅರ್ಧ ತಡೆ, ಯಾಕೆಂದರೆ ಅದು ಮುಚ್ಚುವ ಜಾಗ ಇಷ್ಟೇ. ತೊಡೆಸಂದಿಯ ಹುಣ್ಣನ್ನು ಅದು ಮುಚ್ಚುವುದಿಲ್ಲ.

ಇನ್ನೊಂದು ವಿಷಯ. ಗೊನೋರಿಯಾ, ಕ್ಲಮಿಡಿಯಾ, ಸಿಫಿಲಿಸ್ ಔಷಧಿಯಿಂದ ಪೂರ್ತಿ ವಾಸಿಯಾಗುತ್ತವೆ. ಎಚ್‌ಐವಿ ಮತ್ತು ಹರ್ಪಿಸ್ ಮೈಯಲ್ಲೇ ಉಳಿಯುತ್ತವೆ. ಆದರೆ ಹತೋಟಿಯಲ್ಲಿ ಇಟ್ಟುಕೊಂಡು ಬಾಳಬಹುದು. ಎಚ್‌ಪಿವಿ ಬಹಳ ಮಂದಿಗೆ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದರೆ ವರ್ಷಗಳ ನಂತರ ಗರ್ಭಕಂಠದ ಕ್ಯಾನ್ಸರ್ ಆಗಬಹುದು.

ಕಾಂಡೋಮ್: ಪುಕ್ಕಟೆಯದ್ದು ಮತ್ತು ದುಬಾರಿಯದ್ದು

ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ನಿರೋಧ್‌ಗೂ ಅಂಗಡಿಯ ಬಣ್ಣದ ಪ್ಯಾಕೆಟ್‌ಗೂ ರಕ್ಷಣೆಯಲ್ಲಿ ಏನು ವ್ಯತ್ಯಾಸ ಅಂತ ಕೇಳಿದರೆ, ಏನೂ ಇಲ್ಲ. ಎರಡೂ ನೀರು ತುಂಬಿ ಸೋರುತ್ತದೆಯೇ, ಗಾಳಿ ತುಂಬಿದರೆ ಎಷ್ಟಕ್ಕೆ ಒಡೆಯುತ್ತದೆ ಎಂಬ ಪರೀಕ್ಷೆ ದಾಟಿಯೇ ಬರಬೇಕು. ಸರ್ಕಾರಕ್ಕೆ ಕಾಂಡೋಮ್ ಮಾಡಿಕೊಡುವ ಎಚ್‌ಎಲ್‌ಎಲ್ ಕಂಪನಿಯ ಒಂದು ಕಾರ್ಖಾನೆ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೇ ಇದೆ. ಜಾಸ್ತಿ ದುಡ್ಡು ಕೊಟ್ಟರೆ ಸಿಗುವುದು ತೆಳು ರಬ್ಬರ್, ಜಾಸ್ತಿ ಜಾರು, ಒಳ್ಳೆಯ ವಾಸನೆ. ಇವು ಬೇಡವೆಂದಲ್ಲ. ಹಿತ ಅನಿಸಿದರೆ ಬಳಸುವ ಮನಸ್ಸು ಬರುತ್ತದೆ, ಬಳಸಿದರೆ ತಾನೇ ರಕ್ಷಣೆ. ಚುಕ್ಕೆ, ಗೆರೆ, ಬಣ್ಣ ಇದರಿಂದ ರಕ್ಷಣೆ ಹೆಚ್ಚೂ ಆಗದು, ಕಡಿಮೆಯೂ ಆಗದು.

ಒಂದು ಬಗೆಯ ಬಗ್ಗೆ ಮಾತ್ರ ಎಚ್ಚರ ಇರಲಿ. "ಅಣ್ಣಾ, ಎಕ್ಸ್‌ಟ್ರಾ ಟೈಮ್ ಕೊಡಿ" ಅಂತ ಕೇಳುವವರಿದ್ದಾರೆ. ಅಂಥವುಗಳ ಒಳಗೆ ಸಾಮಾನ್ಯವಾಗಿ ಬೆಂಜೊಕೇನ್ ಎಂಬ ಮರಗಟ್ಟಿಸುವ ಔಷಧಿ ಸವರಿರುತ್ತಾರೆ. ಮರಗಟ್ಟಿದ ಜಾಗದಲ್ಲಿ ಕಾಂಡೋಮ್ ಜಾರಿದ್ದೂ ತಿಳಿಯದು, ಹರಿದದ್ದೂ ತಿಳಿಯದು. ಕೆಲವರಿಗೆ ಅಲರ್ಜಿ ಆಗಿ ಉರಿ ಬರುತ್ತದೆ. ಸೋಂಕಿನ ಭಯ ಇರುವ ಕಡೆ ಸಾದಾ ಕಾಂಡೋಮ್ ವಾಸಿ ಎಂಬುದು ನನ್ನ ಅಭಿಪ್ರಾಯ. ನೊನೊಕ್ಸಿನಾಲ್-9 ಎಂಬ ವೀರ್ಯಾಣುನಾಶಕ ಹಾಕಿದ್ದರಂತೂ ಬೇಡವೇ ಬೇಡ. ಪದೇಪದೇ ಬಳಸಿದರೆ ಅದು ಒಳಗಿನ ತೆಳು ಚರ್ಮವನ್ನು ಕೆರಳಿಸುತ್ತದೆ, ಎಚ್‌ಐವಿಗೆ ದಾರಿ ಮಾಡಿಕೊಡುತ್ತದೆ.

ಎಷ್ಟು ನಂಬಬಹುದು? ಪ್ರತಿ ಸಲವೂ ತಪ್ಪದೆ ಬಳಸುವ ಗಂಡು–ಹೆಣ್ಣು ಜೋಡಿಗಳಲ್ಲಿ ಎಚ್‌ಐವಿ ಹರಡುವುದು ಶೇ 80ರಷ್ಟು ಕಡಿಮೆಯಾಗುತ್ತದೆ. ಬಸಿರಿನ ಲೆಕ್ಕದಲ್ಲಿ ಹೇಳುವುದಾದರೆ, ಸರಿಯಾಗಿ ಬಳಸುವ ನೂರು ಜೋಡಿಗಳಲ್ಲಿ ವರ್ಷಕ್ಕೆ ಇಬ್ಬರು ಬಸಿರಾಗುತ್ತಾರೆ. ಜನ ನಿಜವಾಗಿ ಬಳಸುವ ರೀತಿಯಲ್ಲಿ ಈ ಸಂಖ್ಯೆ 13. ಆ ಎರಡಕ್ಕೂ ಹದಿಮೂರಕ್ಕೂ ನಡುವೆ ಇರುವುದು ರಬ್ಬರಿನ ದೋಷವಲ್ಲ, ಕೈಯ ದೋಷ.

ಆ ಕೈಯ ದೋಷ ಯಾವುದು ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಪ್ಯಾಕೆಟ್ ಕೈಗೆ ಬಂದಾಗ ಮೊದಲು ತಾರೀಖು ನೋಡಿ. ಆಮೇಲೆ ಎರಡು ಬೆರಳಲ್ಲಿ ಒತ್ತಿ. ಒಳಗೆ ಗಾಳಿ ಮೆತ್ತಗೆ ಸಿಕ್ಕಬೇಕು. ಸಿಗದಿದ್ದರೆ ಎಲ್ಲೋ ತೂತಾಗಿದೆ, ಬಿಸಾಕಿ. ಹಲ್ಲಲ್ಲಿ ಕಚ್ಚಿ ಹರಿಯಬೇಡಿ. ತುದಿಯನ್ನು ಹಿಂಡಿ ಹಿಡಿದು ಗಾಳಿ ತೆಗೆದು, ಶಿಶ್ನ ಪೂರ್ತಿ ಗಟ್ಟಿಯಾದ ಮೇಲೆ ಬುಡದವರೆಗೂ ಬಿಡಿಸಿ. ತಲೆಕೆಳಗಾಗಿ ಇಟ್ಟಿದ್ದರೆ ಅದು ಬಿಚ್ಚಿಕೊಳ್ಳುವುದಿಲ್ಲ. ಆಗ ಅದನ್ನೇ ತಿರುಗಿಸಿ ಹಾಕಬೇಡಿ, ಹೊಸದು ತೆಗೆಯಿರಿ. ಮುಗಿದ ಕೂಡಲೇ, ಮೆತ್ತಗಾಗುವ ಮುಂಚೆ, ಬುಡವನ್ನು ಹಿಡಿದುಕೊಂಡು ಹೊರಗೆ ತನ್ನಿ. ಬಹಳ ಮಂದಿ ಎಡವುವುದು ಇಲ್ಲೇ. ಇನ್ನು ಕೆಲವರು ನಡುವೆ ಹಾಕಿಕೊಳ್ಳುತ್ತಾರೆ, ಕೊನೆ ಹಂತಕ್ಕೆ ಮಾತ್ರ. ಬಸಿರಿಗೂ ಸೋಂಕಿಗೂ ಅದು ತಡವಾದ ಕೆಲಸ. ಎರಡು ಕಾಂಡೋಮ್ ಒಂದರ ಮೇಲೊಂದು ಹಾಕಿದರೆ ಡಬಲ್ ಸೇಫ್ಟಿ ಎಂಬ ನಂಬಿಕೆಯೂ ಇದೆ. ಒಂದಕ್ಕೊಂದು ಉಜ್ಜಿ ಎರಡೂ ಹರಿಯಬಹುದು, ಅಷ್ಟೇ.

ಪರ್ಸಿನಲ್ಲಿ, ಬೈಕಿನ ಸೀಟಿನ ಕೆಳಗೆ, ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಂಡೋಮ್ ನಂಬಬೇಡಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಲ್ಯಾಟೆಕ್ಸ್‌ಗೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಇನ್ನು ಎಣ್ಣೆಯ ವಿಷಯ. ನಮ್ಮ ಮನೆಗಳಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಕೆಲವರು ಹರಳೆಣ್ಣೆ, ವ್ಯಾಸಲಿನ್, ಬಾಡಿ ಲೋಷನ್ ಹಚ್ಚುತ್ತಾರೆ. ಲ್ಯಾಟೆಕ್ಸ್‌ಗೆ ಎಣ್ಣೆ ತಾಗಿದರೆ ನಿಮಿಷಗಳಲ್ಲೇ ಅದರ ಬಲ ಹೋಗುತ್ತದೆ. ಜಾರು ಬೇಕಿದ್ದರೆ ನೀರು ಆಧಾರದ ಜೆಲ್ ತೆಗೆದುಕೊಳ್ಳಿ. ಸಿಲಿಕೋನ್ ಜೆಲ್ ಕೂಡ ಆಗಬಹುದು. ಗುದದ್ವಾರದ ಸಂಬಂಧಕ್ಕಂತೂ ಜೆಲ್ ಬೇಕೇ ಬೇಕು, ಅಲ್ಲಿ ತಾನಾಗಿ ಜಾರು ಬರುವುದಿಲ್ಲ, ಚರ್ಮವೂ ಬೇಗ ಸೀಳುತ್ತದೆ. ಯಾರೂ ಹೇಳದ ಇನ್ನೊಂದು ಸಂಗತಿ: ಯೋನಿಯ ತುರಿಕೆಗೆ ಡಾಕ್ಟರ್ ಕೊಡುವ ಕೆಲವು ಕ್ರೀಮ್‌ಗಳು, ಒಳಗೆ ಇಡುವ ಮಾತ್ರೆಗಳು ಕೂಡ ಲ್ಯಾಟೆಕ್ಸನ್ನು ಹಾಳು ಮಾಡುತ್ತವೆ. ಆ ಕೋರ್ಸ್ ನಡೆಯುತ್ತಿರುವಾಗ ಕಾಂಡೋಮ್ ಮೇಲೆ ಭಾರ ಹಾಕಬೇಡಿ.

ಹೆಂಗಸರ ಕಾಂಡೋಮ್, ಮತ್ತು ಬಾಯಿಯ ಮೂಲಕ ಆದರೆ

ಹೆಂಗಸರ ಕಾಂಡೋಮ್ ಎರಡು ಉಂಗುರ ಇರುವ ಮೆತ್ತನೆ ಚೀಲ. ಒಂದು ಉಂಗುರ ಒಳಗೆ ಕೂರುತ್ತದೆ, ಇನ್ನೊಂದು ಹೊರಗೆ ಉಳಿಯುತ್ತದೆ. ನೈಟ್ರೈಲ್‌ನಿಂದ ಮಾಡಿದ್ದಾದರೆ ಎಣ್ಣೆಯ ಭಯ ಇಲ್ಲ, ಲ್ಯಾಟೆಕ್ಸ್ ಅಲರ್ಜಿ ಇರುವವರಿಗೂ ಆಗುತ್ತದೆ. ಗಂಟೆಗಳ ಮುಂಚೆಯೇ ಹಾಕಿಕೊಂಡಿರಬಹುದು. ಗಂಡಸು ಕುಡಿದು ಬಂದಿದ್ದರೂ, ಬೇಡ ಅಂದರೂ, ಹೆಣ್ಣಿನ ಕೈಯಲ್ಲಿ ಒಂದು ಉಪಾಯ ಇರುತ್ತದೆ. ಇದರ ದೊಡ್ಡ ಗುಣ ಅದೇ. ಕೊರತೆ ಏನೆಂದರೆ ಎಲ್ಲ ಅಂಗಡಿಯಲ್ಲೂ ಸಿಗದು, ಬೆಲೆ ಜಾಸ್ತಿ, ಮೊದಮೊದಲು ಹಾಕಿಕೊಳ್ಳುವುದು ಸಲೀಸಲ್ಲ. ಬಸಿರಿನ ಲೆಕ್ಕದಲ್ಲಿ ಗಂಡಸರ ಕಾಂಡೋಮ್‌ಗಿಂತ ಸ್ವಲ್ಪ ಹಿಂದೆ. ಎರಡನ್ನೂ ಒಟ್ಟಿಗೆ ಬಳಸಬೇಡಿ.

ಬಾಯಿಯ ಮೂಲಕ ಎಚ್‌ಐವಿ ಬರುವ ಸಾಧ್ಯತೆ ಬಹಳ ಕಡಿಮೆ. ಆದರೆ ಗಂಟಲಿಗೆ ಗೊನೋರಿಯಾ ಬರುತ್ತದೆ. ಸಿಫಿಲಿಸ್, ಹರ್ಪಿಸ್ ಕೂಡ ಬರುತ್ತವೆ. ಫ್ಲೇವರ್ ಇರುವ ಕಾಂಡೋಮ್ ಮಾಡಿರುವುದು ಇದಕ್ಕೇ. ಹೆಣ್ಣಿಗೆ ಬಾಯಿಯ ಮೂಲಕ ಆದರೆ ಡೆಂಟಲ್ ಡ್ಯಾಮ್ ಎಂಬ ತೆಳು ಹಾಳೆ ಇದೆ, ನಮ್ಮ ಅಂಗಡಿಗಳಲ್ಲಿ ನೋಡಿದ್ದೇ ಅಪರೂಪ. ಕಾಂಡೋಮ್‌ನ ತುದಿ ಮತ್ತು ಬುಡ ಕತ್ತರಿಸಿ, ಉದ್ದಕ್ಕೆ ಸೀಳಿ ಬಿಡಿಸಿದರೆ ಅದೇ ಹಾಳೆ ಆಗುತ್ತದೆ.

ಲಸಿಕೆ: ಎರಡೇ ಇವೆ, ಎರಡೂ ಬೇಕು

ಲೈಂಗಿಕ ಸಂಪರ್ಕದಿಂದ ಹರಡುವ ಮುಖ್ಯ ಸೋಂಕುಗಳಲ್ಲಿ ಎಲ್ಲರೂ ಹಾಕಿಸಿಕೊಳ್ಳಬಹುದಾದ ಲಸಿಕೆ ಇರುವುದು ಎರಡಕ್ಕೆ. ಹೆಪಟೈಟಿಸ್ ಬಿ ಮತ್ತು ಎಚ್‌ಪಿವಿ.

ಹೆಪಟೈಟಿಸ್ ಬಿ ಲಸಿಕೆ ಮಕ್ಕಳಿಗೆ ಸರ್ಕಾರವೇ ಹಾಕುತ್ತದೆ. ಆದರೆ ದೇಶದ ಎಲ್ಲ ಕಡೆ ಅದು ಮುಟ್ಟಿದ್ದು 2011ರ ಹೊತ್ತಿಗೆ. ಅಂದರೆ ಈಗ ಇಪ್ಪತ್ತು ದಾಟಿದವರಲ್ಲಿ ಹಾಕಿಸಿಕೊಳ್ಳದವರೇ ಜಾಸ್ತಿ ಇರಬಹುದು. ಈ ವೈರಸ್ ಎಚ್‌ಐವಿಗಿಂತ ಎಷ್ಟೋ ಪಟ್ಟು ಸುಲಭವಾಗಿ ದಾಟುತ್ತದೆ, ಲಿವರ್‌ಗೆ ಕೂತರೆ ಬಿಡುವುದಿಲ್ಲ. ದೊಡ್ಡವರಿಗೆ ಮೂರು ಚುಚ್ಚುಮದ್ದು: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ದುಬಾರಿ ಏನಲ್ಲ. ಈ ಇಡೀ ಬರಹದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಲಾಭ ಇರುವುದು ಇದೊಂದೇ ಅಂತ ನನಗನಿಸುತ್ತದೆ, ಆದರೂ ಕೇಳಿಕೊಂಡು ಬರುವವರು ಬೆರಳೆಣಿಕೆ.

ಎಚ್‌ಪಿವಿಯಲ್ಲಿ ಆಯ್ಕೆ ಇದೆ. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂತು, ನಾಲ್ಕು ಬಗೆಯ ಎಚ್‌ಪಿವಿ ತಡೆಯುತ್ತದೆ. ಗಾರ್ಡಸಿಲ್ 9 ಒಂಬತ್ತು ಬಗೆ ತಡೆಯುತ್ತದೆ, ಬೆಲೆಯೂ ಎಷ್ಟೋ ಪಾಲು ಜಾಸ್ತಿ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಶೇ 70ರಷ್ಟಕ್ಕೆ 16 ಮತ್ತು 18 ಎಂಬ ಎರಡೇ ಬಗೆಗಳು ಕಾರಣ, ಆ ಎರಡೂ ಎರಡು ಲಸಿಕೆಯಲ್ಲೂ ಇವೆ. ದುಡ್ಡಿದ್ದರೆ ಒಂಬತ್ತರದ್ದು ಹಾಕಿಸಿ. ಇಲ್ಲದಿದ್ದರೆ ನಾಲ್ಕರದ್ದು ಹಾಕಿಸಿ. ದುಡ್ಡು ಕೂಡಿಬರಲಿ ಅಂತ ವರ್ಷಗಟ್ಟಲೆ ಮುಂದೂಡುವುದು ಮಾತ್ರ ಬೇಡ. 9ರಿಂದ 14 ವರ್ಷದೊಳಗೆ ಎರಡು ಡೋಸ್ ಸಾಕು, 15 ದಾಟಿದರೆ ಮೂರು. ಗಂಡುಮಕ್ಕಳಿಗೂ ಹಾಕಿಸಬಹುದು, ಅವರಿಗೂ ಗುದದ್ವಾರದ, ಗಂಟಲಿನ ಕ್ಯಾನ್ಸರ್ ಬರುತ್ತದೆ, ಜನನಾಂಗದ ಗುಳ್ಳೆಯೂ ಆಗುತ್ತದೆ. ಸಂಬಂಧ ಶುರುವಾಗುವ ಮುಂಚೆ ಹಾಕಿಸಿದರೆ ಫಲ ಜಾಸ್ತಿ. ಆಮೇಲೆ ಹಾಕಿಸಿದರೂ ಸುಮ್ನೆ ಹೋಗುವುದಿಲ್ಲ, ಇನ್ನೂ ತಗುಲದ ಬಗೆಗಳಿಂದ ಕಾಯುತ್ತದೆ. ಈಗಾಗಲೇ ಇರುವ ಸೋಂಕನ್ನು ವಾಸಿ ಮಾಡುವುದಿಲ್ಲ. ಹಾಗಾಗಿ ಲಸಿಕೆ ಆದ ಹೆಂಗಸರೂ ಮೂವತ್ತರ ನಂತರ ಗರ್ಭಕಂಠದ ತಪಾಸಣೆ ಬಿಡಬಾರದು.

ಪ್ರೆಪ್ ಮತ್ತು ಪೆಪ್

ಹೆಸರು ಹತ್ತಿರ, ಕೆಲಸ ಬೇರೆ. ಪ್ರೆಪ್ ಎಂದರೆ ಎಚ್‌ಐವಿ ಇಲ್ಲದವರು ಅದು ಬರದಂತೆ ಮುಂಚಿತವಾಗಿ ತೆಗೆದುಕೊಳ್ಳುವ ಮಾತ್ರೆ. ಪೆಪ್ ಎಂದರೆ ಅಪಾಯ ಆಗಿಹೋದ ಮೇಲೆ ತೆಗೆದುಕೊಳ್ಳುವ ಮಾತ್ರೆ. ಎರಡೂ ತಡೆಯುವುದು ಎಚ್‌ಐವಿಯನ್ನು ಮಾತ್ರ.

ಪ್ರೆಪ್‌ನಲ್ಲಿ ಟೆನೊಫೊವಿರ್ ಮತ್ತು ಎಮ್ಟ್ರಿಸಿಟಬಿನ್ ಸೇರಿದ ಒಂದು ಮಾತ್ರೆ, ದಿನಕ್ಕೊಂದು. ತಪ್ಪದೆ ತೆಗೆದುಕೊಂಡರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಬರುವುದನ್ನು ಶೇ 99ರಷ್ಟು ತಡೆಯುತ್ತದೆ. ಕಾಂಡೋಮ್‌ನ 80ಕ್ಕಿಂತ ಇದು ಮೇಲು ಅನಿಸುತ್ತದೆ, ಅಲ್ವಾ? ಎಚ್‌ಐವಿ ಒಂದರ ಲೆಕ್ಕದಲ್ಲಿ ಹೌದು. ಸಿಫಿಲಿಸ್, ಗೊನೋರಿಯಾ, ಬಸಿರು ಇವುಗಳ ಲೆಕ್ಕದಲ್ಲಿ ಸೊನ್ನೆ. ಶುರು ಮಾಡುವ ಮುಂಚೆ ಎಚ್‌ಐವಿ, ಹೆಪಟೈಟಿಸ್ ಬಿ, ಕಿಡ್ನಿ ಟೆಸ್ಟ್ ಬೇಕು. ಆಮೇಲೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಟೆಸ್ಟ್ ಆಗುತ್ತಿರಬೇಕು. ಒಳಗೇ ಎಚ್‌ಐವಿ ಇದ್ದು ಗೊತ್ತಿಲ್ಲದೆ ಪ್ರೆಪ್ ತೆಗೆದುಕೊಂಡರೆ ವೈರಸ್ ಆ ಔಷಧಿಗೆ ಬಗ್ಗದಂತಾಗಬಹುದು. ಮೊದಲ ದಿನವೇ ರಕ್ಷಣೆ ಸಿಗುವುದೂ ಇಲ್ಲ. ಗುದದ್ವಾರದ ಸಂಬಂಧಕ್ಕೆ ಸುಮಾರು ವಾರ, ಯೋನಿಯ ಸಂಬಂಧಕ್ಕೆ ಸುಮಾರು ಮೂರು ವಾರ ದಿನವೂ ತೆಗೆದುಕೊಂಡ ಮೇಲೆ ಮೈ ಸಜ್ಜಾಗುತ್ತದೆ. ಬೇಕಾದಾಗ ಮಾತ್ರ ತೆಗೆದುಕೊಳ್ಳುವ ಕ್ರಮವೂ ಒಂದಿದೆ, ಆದರೆ ಅದು ಗಂಡಸರೊಡನೆ ಸಂಬಂಧ ಇರುವ ಗಂಡಸರಿಗೆ. ಹೆಂಗಸರು ಅದನ್ನು ನಂಬಿ ಕೂರಬಾರದು.

ಪ್ರೆಪ್ ಬರೀ ಹೊರದೇಶದ ಸಂಗತಿ ಅಂದುಕೊಳ್ಳಬೇಡಿ. ಲೈಂಗಿಕ ಕಾರ್ಯಕರ್ತೆಯರಿಗೆ ಪ್ರೆಪ್ ಕೊಟ್ಟು ನೋಡುವ ಕೆಲಸ ಭಾರತದಲ್ಲಿ ಮೊದಲು ನಡೆದದ್ದು ಕೋಲ್ಕತ್ತಾದ ದುರ್ಬಾರ್ ಮತ್ತು ನಮ್ಮ ಮೈಸೂರಿನ ಆಶೋದಯ ಸಮಿತಿಯ ಮೂಲಕ. ಎರಡೂ ಲೈಂಗಿಕ ಕಾರ್ಯಕರ್ತರೇ ನಡೆಸುವ ಸಂಘಟನೆಗಳು. ಈಗ ಖಾಸಗಿಯಾಗಿ ಡಾಕ್ಟರ್ ಚೀಟಿ ಮೇಲೆ ಮಾತ್ರೆ ಸಿಗುತ್ತದೆ. ಭಾರತದ ಕಂಪನಿಗಳೇ ಮಾಡುವುದರಿಂದ ಅಮೆರಿಕದಷ್ಟು ಬೆಲೆಯೂ ಇಲ್ಲ. ಇಂಗ್ಲೆಂಡಿನಲ್ಲಿ ಇರುವ ಕನ್ನಡಿಗರಿಗೆ ಅಲ್ಲಿನ ಲೈಂಗಿಕ ಆರೋಗ್ಯ ಕ್ಲಿನಿಕ್‌ಗಳಲ್ಲಿ ಪುಕ್ಕಟೆ ಸಿಗುತ್ತದೆ.

ಪೆಪ್ ಬೇರೆಯೇ ಆಟ, ಇಲ್ಲಿ ಗಡಿಯಾರ ನೋಡಬೇಕು. ಕಾಂಡೋಮ್ ಹರಿಯಿತು, ಇಲ್ಲವೇ ಯಾರೆಂದು ಗೊತ್ತಿಲ್ಲದವರ ಜೊತೆ ರಕ್ಷಣೆ ಇಲ್ಲದೆ ಆಯಿತು, ಇಲ್ಲವೇ ಬಲಾತ್ಕಾರ ಆಯಿತು. 72 ಗಂಟೆಯೊಳಗೆ ಮೊದಲ ಮಾತ್ರೆ ಹೊಟ್ಟೆಗೆ ಹೋಗಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಕೆಲವೇ ಗಂಟೆಗಳಲ್ಲಿ ಆದರೆ ತುಂಬಾ ಒಳ್ಳೆಯದು. ಆಮೇಲೆ 28 ದಿನ ಬಿಡದೆ. ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ, ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಕೇಳಿ. "ಪೆಪ್ ಬೇಕಿತ್ತು, ಇಷ್ಟು ಗಂಟೆ ಆಗಿದೆ" ಅಂತ ನೇರವಾಗಿ ಹೇಳಿದರೆ ಕೆಲಸ ಬೇಗ ಆಗುತ್ತದೆ. ನಾಚಿಕೆಯಿಂದ "ಸ್ವಲ್ಪ ತೊಂದರೆ ಆಗಿದೆ" ಅಂತ ಸುತ್ತಿ ಬಳಸಿದರೆ ಕ್ಯೂನಲ್ಲೇ ಅರ್ಧ ದಿನ ಹೋಗುತ್ತದೆ. ಬಲಾತ್ಕಾರಕ್ಕೆ ಒಳಗಾದವರಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಆಸ್ಪತ್ರೆ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು. ಮೊದಲು ಪೊಲೀಸ್ ದೂರು ತನ್ನಿ ಎನ್ನುವ ಹಾಗಿಲ್ಲ.

"ಅಣ್ಣಾ, ಅವಳಿಗೆ ಐಪಿಲ್ ಕೊಟ್ಟಾಯ್ತು, ಇನ್ನೇನೂ ಬರಲ್ಲ ಅಲ್ವಾ?" ಅಂತ ಒಬ್ಬ ಹುಡುಗ ಕೇಳಿದ್ದ. "ತಮ್ಮಾ, ಅದು ಅವಳು ಬಸಿರಾಗದಿರಲು. ನಿಮ್ಮಿಬ್ಬರಿಗೂ ಎಚ್‌ಐವಿ ಬರದಿರಲು ಬೇರೆ ಮಾತ್ರೆ ಇದೆ, ಅದು ನನ್ನ ಹತ್ತಿರ ಇಲ್ಲ, ಆಸ್ಪತ್ರೆಯಲ್ಲಿದೆ" ಅಂದೆ. ಅವನ ಮುಖ ನೋಡಿದರೆ ಅಂಥದ್ದೊಂದು ಇದೆ ಅಂತಲೇ ಅವನಿಗೆ ಯಾರೂ ಹೇಳಿರಲಿಲ್ಲ.

ಜೊತೆಗಾರರಿಗೆ ಎಚ್‌ಐವಿ ಇದ್ದರೆ

ಇದು ಎಲ್ಲಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವ ಒಳ್ಳೆಯ ಸುದ್ದಿ. ಎಚ್‌ಐವಿ ಇರುವವರು ದಿನವೂ ಎಆರ್‌ಟಿ ಮಾತ್ರೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಟೆಸ್ಟಿಗೂ ಸಿಗದಷ್ಟು ಕಡಿಮೆಯಾಗಿ, ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಅವರು ಇನ್ನೊಬ್ಬರಿಗೆ ಎಚ್‌ಐವಿ ದಾಟಿಸುವುದಿಲ್ಲ. ಕಡಿಮೆ ದಾಟಿಸುತ್ತಾರೆ ಅಂತಲ್ಲ, ದಾಟಿಸುವುದೇ ಇಲ್ಲ. ಭಾರತದಲ್ಲಿ ಎಆರ್‌ಟಿ 2004ರಿಂದ ಪುಕ್ಕಟೆ. ಗಂಡನಿಗಿದ್ದು ಹೆಂಡತಿಗಿಲ್ಲ ಎಂಬ ಜೋಡಿಗಳು ಇದರ ಬಲದಿಂದಲೇ ಸೋಂಕಿಲ್ಲದ ಮಕ್ಕಳನ್ನು ಹೆತ್ತು ಸಾಕುತ್ತಿದ್ದಾರೆ. ಮಾತ್ರೆ ಶುರುವಾದ ಹೊಸತರಲ್ಲಿ, ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಇಳಿಯುವ ತನಕ, ಕಾಂಡೋಮ್ ಅಥವಾ ಪ್ರೆಪ್ ಜೊತೆಗಿರಲಿ.

ಟೆಸ್ಟ್: ನೋಡಿದರೆ ಗೊತ್ತಾಗದು

"ನೋಡಿದರೆ ಒಳ್ಳೆ ಮನೆಯವಳ ಥರ ಇದ್ದಳು" ಎಂಬ ಮಾತಿಗೆ ಯಾವ ಬೆಲೆಯೂ ಇಲ್ಲ. ಕ್ಲಮಿಡಿಯಾ ಬಂದ ಬಹುಪಾಲು ಹೆಂಗಸರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಎಚ್‌ಐವಿ ವರ್ಷಗಟ್ಟಲೆ ಸುಮ್ಮನೆ ಇರುತ್ತದೆ.

ಟೆಸ್ಟಿನಲ್ಲಿ ತಿಳಿಯಬೇಕಾದದ್ದು ದಿನಗಳ ಲೆಕ್ಕ. ಸಂಪರ್ಕ ಆದ ಮರುದಿನ ಟೆಸ್ಟ್ ಮಾಡಿಸಿ "ನೆಗೆಟಿವ್" ಅಂತ ಖುಷಿಪಟ್ಟರೆ ಅದು ಹಳೆಯ ದಿನಗಳ ಫಲಿತಾಂಶ. ಬೆರಳು ಚುಚ್ಚಿ ಮಾಡುವ ಸಾಮಾನ್ಯ ಎಚ್‌ಐವಿ ಟೆಸ್ಟ್ ಖಚಿತವಾಗಲು ಮೂರು ತಿಂಗಳು ಬೇಕು. ಲ್ಯಾಬ್‌ನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಟೆಸ್ಟ್ ಆದರೆ 45 ದಿನ. ಸಿಫಿಲಿಸ್‌ಗೂ ಮೂರು ತಿಂಗಳ ನಂತರ ಇನ್ನೊಮ್ಮೆ ನೋಡಿಸುವುದು ಒಳ್ಳೆಯದು.

ಎಲ್ಲಿ? ಖಾಸಗಿ ಲ್ಯಾಬ್‌ನಲ್ಲಿ ಬೇಗ ಆಗುತ್ತದೆ, ಮನೆಗೂ ಬರುತ್ತಾರೆ, ದುಡ್ಡು ಕೊಡಬೇಕು. ಆದರೆ ರಿಪೋರ್ಟ್ ವಾಟ್ಸಾಪ್‌ನಲ್ಲಿ ಬಂದು ಬೀಳುತ್ತದೆ, ಮಾತಾಡಲು ಯಾರೂ ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಟೆಸ್ಟ್ ಕೇಂದ್ರದಲ್ಲಿ, ಪುಕ್ಕಟೆ. ಆಪ್ತಸಮಾಲೋಚಕರು ಮೊದಲು ಕೂರಿಸಿ ಮಾತಾಡುತ್ತಾರೆ, ಒಪ್ಪಿಗೆ ಕೇಳುತ್ತಾರೆ, ಫಲಿತಾಂಶ ಕೊಡುವಾಗಲೂ ಒಬ್ಬರನ್ನೇ ಕೂರಿಸಿ ಹೇಳುತ್ತಾರೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಊರಿಗೆ ಹೇಳುವ ಹಾಗೂ ಇಲ್ಲ. ಎಚ್‌ಐವಿಗೆ ನಾನು ಐಸಿಟಿಸಿಯನ್ನೇ ಹೇಳುತ್ತೇನೆ. ಕ್ಲಮಿಡಿಯಾ, ಗೊನೋರಿಯಾದ ಪಿಸಿಆರ್ ಟೆಸ್ಟ್ ಬೇಕಿದ್ದರೆ ಮಾತ್ರ ಖಾಸಗಿ ಲ್ಯಾಬ್.

ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಗಲ್ಫ್‌ಗೆ ಹೊರಟವರಿಗೆ ಒಂದು ಮಾತು. ವೀಸಾ ಮೆಡಿಕಲ್‌ನಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಎಲ್ಲ ನೋಡುತ್ತಾರೆ. ಏಜೆಂಟ್‌ಗೆ ದುಡ್ಡು ಕಟ್ಟುವ ಮುಂಚೆಯೇ ಸ್ವಂತಕ್ಕೆ ಒಮ್ಮೆ ಟೆಸ್ಟ್ ಮಾಡಿಸಿಕೊಂಡಿರಿ. ಸಿಫಿಲಿಸ್‌ನಂಥದ್ದು ಇದ್ದರೆ ಇಲ್ಲೇ ವಾಸಿ ಮಾಡಿಕೊಳ್ಳಬಹುದು.

ಮದುವೆಯ ವಿಷಯಕ್ಕೆ ಬಂದರೆ, ಮೂವತ್ತಾರು ಗುಣ ಕೂಡಿಸುವ ಮನೆಗಳಲ್ಲಿ ರಕ್ತದ ರಿಪೋರ್ಟ್ ಕೇಳುವುದಕ್ಕೆ ಮಾತ್ರ ಸಂಕೋಚ. ಕೇಳಿದರೂ ಹುಡುಗನದ್ದು ಮಾತ್ರ ಕೇಳುತ್ತಾರೆ. ಇಬ್ಬರದ್ದೂ ಆಗಲಿ, ಅಪ್ಪ ಅಮ್ಮಂದಿರ ಕೈಗೆ ಹೋಗದೆ ಹುಡುಗ ಹುಡುಗಿ ತಾವೇ ತೋರಿಸಿಕೊಳ್ಳಲಿ. "ನಾನೂ ಮಾಡಿಸ್ತೀನಿ, ನೀವೂ ಮಾಡಿಸಿ, ಒಟ್ಟಿಗೇ ಹೋಗೋಣ" ಅಂದರೆ ಅದು ಅನುಮಾನದ ಮಾತಾಗುವುದಿಲ್ಲ.

ರಕ್ಷಣೆ ಅಂತ ಹೆಸರು, ಕೆಲಸ ಇಲ್ಲ

ವೀರ್ಯ ಹೊರಗೆ ಬಿಡುವುದು, ಆಮೇಲೆ ಮೂತ್ರ ಮಾಡುವುದು, ಡೆಟಾಲ್ ನೀರಲ್ಲಿ ತೊಳೆಯುವುದು, ನಿಂಬೆರಸ ಹಚ್ಚುವುದು. ಇವುಗಳಲ್ಲಿ ಯಾವುದೂ ಸೋಂಕು ತಡೆಯುವುದಿಲ್ಲ. ಯೋನಿಯ ಒಳಗೆ ತೊಳೆಯುವುದಂತೂ ಅಲ್ಲಿನ ಸಹಜ ಕಾವಲನ್ನೇ ಕೆಡಿಸಿ ಸೋಂಕಿಗೆ ಅನುಕೂಲ ಮಾಡಿಕೊಡುತ್ತದೆ. ಮುಂದೊಗಲು ತೆಗೆಸಿದರೆ ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ದಾಟುವುದು ಕಡಿಮೆಯಾಗುತ್ತದೆ ಎಂಬುದು ಆಫ್ರಿಕಾದ ಅಧ್ಯಯನಗಳಲ್ಲಿ ಕಂಡುಬಂದಿದೆ. ಹಾಗಂತ ಕಾಂಡೋಮ್ ಬಿಡುವಷ್ಟೇನೂ ಅಲ್ಲ.

ಹಾಗಾದರೆ ಯಾರಿಗೆ ಯಾವುದು

ಹೊಸ ಸಂಬಂಧ, ಒಬ್ಬರ ಹಿನ್ನೆಲೆ ಒಬ್ಬರಿಗೆ ಗೊತ್ತಿಲ್ಲ: ಕಾಂಡೋಮ್, ಪ್ರತಿ ಸಲ. ಮೂರು ತಿಂಗಳಾದ ಮೇಲೆ ಇಬ್ಬರೂ ಟೆಸ್ಟ್ ಮಾಡಿಸಿ, ಇಬ್ಬರೂ ಬೇರೆ ಕಡೆ ಹೋಗದಿದ್ದರೆ, ಆಮೇಲೆ ಕಾಂಡೋಮ್ ಬೇಕೋ ಬೇಡವೋ ಎಂಬುದು ಬಸಿರಿನ ಲೆಕ್ಕ ಮಾತ್ರ.

ಆಪರೇಷನ್ ಆದ ದಂಪತಿ, ಗಂಡ ಲಾರಿ ಓಡಿಸುವವನೋ, ತಿಂಗಳುಗಟ್ಟಲೆ ಹೊರ ಊರಲ್ಲಿ ಇರುವವನೋ: ಕಷ್ಟದ ಜಾಗ ಇದೇ. ಹೆಂಡತಿ "ಕಾಂಡೋಮ್ ಹಾಕಿ" ಅಂದರೆ "ನನ್ನ ಮೇಲೆ ಅನುಮಾನವಾ?" ಎಂಬ ಜಗಳ. ಆಶಾ ಕಾರ್ಯಕರ್ತೆಯರು ಬಳಸುವ ಉಪಾಯ ಒಂದಿದೆ, "ರೀ, ಡಾಕ್ಟ್ರು ನನಗೆ ಗರ್ಭಕೋಶದ ತೊಂದರೆ ಇದೆ, ಕೆಲವು ತಿಂಗಳು ಕಾಂಡೋಮ್ ಹಾಕಲೇಬೇಕು ಅಂದಿದ್ದಾರೆ" ಅಂತ ಹೇಳಿಸುವುದು. ಸುಳ್ಳು ಹೌದು. ಆದರೂ ನಾನು ಬೇಡ ಅನ್ನಲಾರೆ. ಜೊತೆಗೆ ಹೆಂಗಸರ ಕಾಂಡೋಮ್ ಸಿಕ್ಕರೆ ಇಟ್ಟುಕೊಳ್ಳಿ, ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಿ.

ಒಬ್ಬರಿಗಿಂತ ಜಾಸ್ತಿ ಜೊತೆಗಾರರು ಇರುವವರು, ಗಂಡಸರೊಡನೆ ಸಂಬಂಧ ಇರುವ ಗಂಡಸರು, ಲೈಂಗಿಕ ಕೆಲಸದಲ್ಲಿ ಇರುವವರು: ಕಾಂಡೋಮ್, ಜೆಲ್, ಎರಡೂ ಲಸಿಕೆ, ಮೂರು ತಿಂಗಳಿಗೊಮ್ಮೆ ಟೆಸ್ಟ್, ಮತ್ತು ಪ್ರೆಪ್ ಬಗ್ಗೆ ಡಾಕ್ಟರ್ ಜೊತೆ ಮಾತು. ಕಾಂಡೋಮ್ ಪ್ರತಿ ಸಲ ಸಾಧ್ಯವಾಗುತ್ತಿಲ್ಲ ಎಂದರೆ ಪ್ರೆಪ್ ಆದರೂ ಇರಲಿ. ಏನೂ ಇಲ್ಲದ್ದಕ್ಕಿಂತ ಒಂದಾದರೂ ಇರುವುದು ವಾಸಿ.

ಬಸಿರು ಬಯಸುವ ದಂಪತಿ: ಇಲ್ಲಿ ಕಾಂಡೋಮ್ ಬರುವುದಿಲ್ಲ, ಹಾಗಾಗಿ ಟೆಸ್ಟ್ ಮುಂಚೆಯೇ ಆಗಲಿ. ಬಸಿರಾದ ಮೇಲೆ ಎಚ್‌ಐವಿ, ಸಿಫಿಲಿಸ್ ಎರಡನ್ನೂ ಆಸ್ಪತ್ರೆಯಲ್ಲಿ ನೋಡಿಯೇ ನೋಡುತ್ತಾರೆ, ಬೇಡ ಅನ್ನಬೇಡಿ. ಮಗುವಿಗೆ ದಾಟದಂತೆ ತಡೆಯಲು ಚಿಕಿತ್ಸೆ ಇದೆ.

ಲಕ್ಷಣ ಕಂಡರೆ

ಹುಣ್ಣು, ಕೀವು, ಉರಿಮೂತ್ರ, ವಾಸನೆ ಇರುವ ಬಿಳಿಮುಟ್ಟು, ತೊಡೆಸಂದಿಯಲ್ಲಿ ಗಂಟು, ಕೆಳಹೊಟ್ಟೆ ನೋವು. ಇದರಲ್ಲಿ ಯಾವುದಾದರೂ ಇದ್ದರೆ "ಎರಡು ಮಾತ್ರೆ ಕೊಡಿ" ಅಂತ ಅಂಗಡಿಗೆ ಬರಬೇಡಿ. ನಾಲ್ಕು ದಿನಕ್ಕೆ ಉರಿ ನಿಲ್ಲುತ್ತದೆ, ಸೋಂಕು ನಿಲ್ಲುವುದಿಲ್ಲ. ಗೊನೋರಿಯಾ ಈಗಾಗಲೇ ಒಂದೊಂದೇ ಔಷಧಿಗೆ ಬಗ್ಗದಂತಾಗುತ್ತಿದೆ. ಜಿಲ್ಲಾ ಆಸ್ಪತ್ರೆ ಮತ್ತು ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕಿಗೆಂದೇ ಸುರಕ್ಷಾ ಕ್ಲಿನಿಕ್ ಇದೆ. ಅಲ್ಲಿ ಲಕ್ಷಣಕ್ಕೆ ತಕ್ಕಂತೆ ಬಣ್ಣದ ಡಬ್ಬಿಯಲ್ಲಿ ಪೂರ್ತಿ ಕೋರ್ಸ್ ಪುಕ್ಕಟೆ ಕೊಡುತ್ತಾರೆ. ಕೀವು ಬರುತ್ತಿದ್ದರೆ ಬೂದು ಬಣ್ಣದ್ದು, ಹರ್ಪಿಸ್‌ಗೆ ಕೆಂಪು, ಹೀಗೆ. ಜೊತೆಗಾರರಿಗೂ ಔಷಧಿ ಕೇಳಿ ಪಡೆಯಿರಿ. ಒಬ್ಬರು ಮಾತ್ರ ತೆಗೆದುಕೊಂಡರೆ ಸೋಂಕು ಇಬ್ಬರ ನಡುವೆ ಓಡಾಡುತ್ತಲೇ ಇರುತ್ತದೆ. ಇಬ್ಬರ ಔಷಧಿಯೂ ಮುಗಿದು ಕನಿಷ್ಠ ಒಂದು ವಾರ ಆಗುವ ತನಕ ಸಂಬಂಧ ಬೇಡ.

ಹತ್ತಿರದ ಕ್ಲಿನಿಕ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಅಷ್ಟರಲ್ಲಿ ಯಾವುದಾದರೂ ಮಾತ್ರೆ ತಿಂದಾಗಿದ್ದರೆ ಅದರ ಖಾಲಿ ಸ್ಟ್ರಿಪ್ ಬಿಸಾಕಬೇಡಿ, ಜೇಬಿಗೆ ಹಾಕಿಕೊಂಡು ಹೋಗಿ ಡಾಕ್ಟರ್‌ಗೆ ತೋರಿಸಿ.